ಆವಿಗೆಯ ನಡು

ಬರಿಗೈ ಎಂದು ಬೀದಿಯೆಲ್ಲ ಕರೆಯುತ್ತಿದ್ದವನ ಮನೆಯಲ್ಲಿ ಸೋರದ ಮಡಕೆ ಒಂದೂ ಇರಲಿಲ್ಲ. ಅವನ ಹೆಣಕ್ಕೆ ನೀರು ಹೊಯ್ಯುವ ಹೊತ್ತಿಗೆ ಅದು ಎಲ್ಲರ ಕಣ್ಣಿಗೂ ಬಿತ್ತು. ಒಂದರ ಕಂಠ ಸೀಳಿತ್ತು. ಇನ್ನೊಂದರ ತಳದಲ್ಲಿ ಕೂದಲೆಳೆಯಷ್ಟು ಬಿರುಕು. ಮತ್ತೊಂದು ನೋಡಲು ನೆಟ್ಟಗಿತ್ತು, ಆದರೆ ಬಾವಿಯಿಂದ ಅಂಗಳಕ್ಕೆ ಬರುವಷ್ಟರಲ್ಲಿ ಹೊತ್ತು ತಂದವಳ ಸೊಂಟವನ್ನೆಲ್ಲ ತೊಯ್ಯಿಸಿ ಅರ್ಧ ಖಾಲಿಯಾಗಿತ್ತು.

“ಇಡೀ ಬೀದಿಯ ಮಡಕೆ ಸುಟ್ಟವನ ಮನೆ ಇದು,” ಎಂದಳು ಕೊನೆಮನೆಯವಳು, ಸೊಂಟ ಹಿಂಡಿಕೊಳ್ಳುತ್ತ. “ಮೈ ತೊಳೆಯೋಕೆ ಒಂದು ಗಟ್ಟಿ ಬಿಂದಿಗೆ ಇಲ್ಲ.”

“ಒಡೆದದ್ದು ಅವನಿಗೆ, ಒಡೆಯದ್ದು ನಮಗೆ. ಕಟ್ಟೆ ಮಾಡಿದ ಕಟ್ಟಲೆ ತಾನೇ?” ಎಂದ ಕಿವುಡಜ್ಜ. ಅವನ ಕಿವಿಗೆ ಅವನಿಗೆ ಬೇಕಾದ ಮಾತು ಮಾತ್ರ ಬೀಳುತ್ತಿತ್ತು.

“ನಾನು ತರ್ತೀನಿ,” ಎಂದು ಅಣ್ಣ ಎದ್ದ.

ಅವನು ಸತ್ತವನ ಒಡಹುಟ್ಟಿದವನು. ಬೀದಿಯಲ್ಲಿ ಕಿರಿಯರೂ ಹಿರಿಯರೂ ಅವನನ್ನು ಅಣ್ಣ ಎಂದೇ ಕರೆಯುತ್ತಿದ್ದರು. ಬಹಳ ಕಾಲ ಅವನು ಅದನ್ನು ಮರ್ಯಾದೆ ಎಂದುಕೊಂಡಿದ್ದ. ಆಮೇಲೊಮ್ಮೆ ಹೊಳೆಯಿತು: ಅದು ‘ಬರಿಗೈಯ ಅಣ್ಣ’ ಎಂಬುದನ್ನು ಮೊಟಕು ಮಾಡಿದ್ದು. ಅಲ್ಲಿಂದ ಯಾರಾದರೂ ಅಣ್ಣಾ ಎಂದರೆ ಚಪ್ಪಲಿಯೊಳಗೆ ಕಲ್ಲು ಸಿಕ್ಕಂತಾಗುತ್ತಿತ್ತು.

ಮನೆಯಿಂದ ಎರಡು ಬಿಂದಿಗೆ ತಂದ. ಕೈಗೆ ಸಿಕ್ಕಿದ್ದಲ್ಲ, ಆರಿಸಿ ತಂದದ್ದು. ತೆಳು ಕಂಠ, ಬೆರಳಿನಿಂದ ತಟ್ಟಿದರೆ ಗಂಟೆಯಂತೆ ನುಡಿಯುವ ಮೈ. ಕೊನೆಮನೆಯವಳು ಇಸಿದುಕೊಂಡಳು, ನೀರು ತುಂಬಿದಳು, ಹೊಯ್ದಳು, ಗೋಡೆಗೆ ಒರಗಿಸಿಟ್ಟಳು. ಬಿಂದಿಗೆಯ ಕಡೆ ಯಾರೂ ನೋಡಲಿಲ್ಲ. ಎಲ್ಲರ ಕಣ್ಣೂ ಹೆಣದ ಮೇಲಿತ್ತು. ಬರಿಗೈಗೆ ಹುಬ್ಬಿರಲಿಲ್ಲ, ಬೆಂಕಿಯ ಮುಂದೆ ನಿಂತು ನಿಂತು ಎಂದೋ ಸುಟ್ಟುಹೋಗಿ ಮತ್ತೆ ಬೆಳೆದಿರಲಿಲ್ಲ. ಹುಬ್ಬಿಲ್ಲದ ಆ ಮುಖ ಬದುಕಿದ್ದಾಗ ಯಾವಾಗಲೂ ಏನೋ ಕೇಳಿ ಬೆರಗಾದಂತೆ ಕಾಣುತ್ತಿತ್ತು. ಸತ್ತ ಮೇಲೂ ಹಾಗೇ ಇತ್ತು.

“ನಿನ್ನೆ ಆವಿಗೆಯಿಂದ ಇಳಿದು ಬಂದ್ರು,” ಬರಿಗೈಯ ಹೆಂಡತಿ ಬಂದವರಿಗೆಲ್ಲ ಅಷ್ಟನ್ನೇ ಹೇಳುತ್ತಿದ್ದಳು. “ತುಂಬಿ ಮುಗೀತು, ನಾಳೆ ಬೆಂಕಿ ಹಾಕೋದೊಂದೇ ಅಂದ್ರು. ನೀರು ಕೊಡು ಅಂದ್ರು. ಕೊಟ್ಟೆ. ಲೋಟ ಕೈಯಲ್ಲೇ ಇತ್ತು.”

“ಪುಣ್ಯವಂತ. ಕೆಲಸ ಬಾಕಿ ಇಟ್ಟು ಹೋಗಲಿಲ್ಲ,” ಎಂದ ಒಬ್ಬ.

“ನಮಗೆ ಬಾಕಿ ಇಟ್ಟು ಹೋದ,” ಎಂದ ಇನ್ನೊಬ್ಬ. “ಬೆಂಕಿ ಈಗ ಯಾರು ಹಾಕ್ತಾರೆ?”

ಅಣ್ಣನ ಎದೆಯೊಳಗೆ ಏನೋ ಎದ್ದು ಕುಳಿತಿತು. ರಾತ್ರಿಯಿಡೀ ಹೆಣದ ಪಕ್ಕದಲ್ಲಿ ಕೂತಿದ್ದಾಗ ಅವನು ಕಾದಿದ್ದು ಅಳುವಿಗಲ್ಲ, ಈ ಪ್ರಶ್ನೆಗೆ.

ಬೀದಿಯಲ್ಲಿ ಹದಿನಾಲ್ಕು ಮನೆ. ಹದಿಮೂರು ಮನೆಯಲ್ಲಿ ಮಡಕೆ ತಿರುಗಿಸುವ ತಿಗರಿ ಇತ್ತು. ಮಡಕೆ ಸುಡುವುದಕ್ಕೆ ಎಲ್ಲರಿಗೂ ಸೇರಿ ಒಂದೇ ಆವಿಗೆ, ಮಣ್ಣು ತೆಗೆಯುವುದಕ್ಕೆ ಒಂದೇ ಗುಂಡಿ. ಎರಡೂ ಯಾರ ಹೆಸರಿನಲ್ಲೂ ಇರಲಿಲ್ಲ. ಆವಿಗೆಯ ಪಕ್ಕದ ಕಲ್ಲುಕಟ್ಟೆಯ ಮೇಲೆ ಮನೆಗೊಬ್ಬರಂತೆ ಕೂತು ಯಾವ ಮನೆಗೆ ಎಷ್ಟು ಬುಟ್ಟಿ ಮಣ್ಣು, ಗುಂಡಿಗೆ ಯಾವಾಗ ಬಿಡುವು, ಸೌದೆ ಎಷ್ಟು ಎಂದು ತೀರ್ಮಾನಿಸುತ್ತಿದ್ದರು. ಆ ಕೂಟಕ್ಕೂ ಕಟ್ಟೆ ಎಂದೇ ಹೆಸರು.

ಆವಿಗೆಯ ವಿಷಯದಲ್ಲಿ ಕಟ್ಟೆಯ ನಿಯಮ ಬಿಗಿ. ಒಳಗೆ ಎಲ್ಲ ಜಾಗವೂ ಒಂದೇ ಅಲ್ಲ. ನಡುವಿನಲ್ಲಿ ಇಟ್ಟದ್ದು ಕೆಂಪಗೆ ಬೆಂದು ಬರುತ್ತದೆ, ಗೋಡೆಯ ಪಕ್ಕದ್ದು ಕಪ್ಪಾಗುತ್ತದೆ, ಕೆಲವು ಸೀಳುತ್ತವೆ. ಅಜ್ಜಂದಿರ ಕಾಲದಲ್ಲಿ ನಡುವಿನ ಜಾಗಕ್ಕೆ ಹೊಡೆದಾಟವಾಗಿ ಒಬ್ಬನ ತಲೆ ಒಡೆದಿತ್ತಂತೆ. ಆಮೇಲೆ ಕಟ್ಟೆ ತೀರ್ಮಾನಿಸಿತು: ಆವಿಗೆ ತುಂಬುವವನ ಮನೆಯಲ್ಲಿ ತಿಗರಿ ಇರಕೂಡದು. ಅವನು ತುಂಬುವಾಗ ಯಾರೂ ನೋಡಕೂಡದು. ಬೀದಿಯವರು ಆವಿಗೆಗೆ ಬೆನ್ನು ಮಾಡಿ ಸಾಲಾಗಿ ನಿಂತು, ಹಸಿ ಮಡಕೆಗಳನ್ನು ಭುಜದ ಮೇಲಿಂದ ಹಿಂದಕ್ಕೆ ಚಾಚಬೇಕು. ಅವನು ತೆಗೆದುಕೊಂಡು ಎಲ್ಲಿ ಬೇಕೋ ಅಲ್ಲಿ ಇಡುತ್ತಾನೆ. ನನ್ನದೆಲ್ಲಿಟ್ಟೆ ಎಂದು ಕೇಳುವಂತಿಲ್ಲ. ಕೂಲಿಗೆ ಮನೆಮನೆಯಿಂದ ಕಾಳು, ಜೊತೆಗೆ ಒಡಕು ಮಡಕೆ.

ನೋಡಬಾರದ್ದನ್ನು ಬೀದಿ ನೋಡಲೇ ಇಲ್ಲ. ಆವಿಗೆಯ ಒಳಗು ಒಬ್ಬನಿಗೆ ಮಾತ್ರ ಗೊತ್ತಿತ್ತು. ಅವನೀಗ ಅಂಗಳದಲ್ಲಿ ಒದ್ದೆಯಾಗಿ ಮಲಗಿದ್ದ.

*

ಅಪ್ಪನಿಗೆ ಇಬ್ಬರು ಗಂಡುಮಕ್ಕಳು, ಒಂದು ತಿಗರಿ. ದೊಡ್ಡವನ ಕೈಯಲ್ಲಿ ಮಣ್ಣು ಹೇಳಿದ ಹಾಗೆ ಕೇಳುತ್ತಿತ್ತು. ಚಿಕ್ಕವನು ಮಾಡಿದ ಮಡಕೆ ಒಂದು ಕಡೆಗೆ ವಾಲುತ್ತಿತ್ತು.

“ಇವನ ಮಡಕೆಗೆ ನೀರು ತುಂಬಿ ಬಾಗಿಲಲ್ಲಿ ಇಟ್ರೆ ಬಂದವರಿಗೆಲ್ಲ ನಮಸ್ಕಾರ ಮಾಡುತ್ತೆ,” ಎಂದು ಅಣ್ಣ ಬೀದಿಯನ್ನು ನಗಿಸುತ್ತಿದ್ದ. ತಮ್ಮನೂ ನಗುತ್ತಿದ್ದ. ಅವನಿಗೆ ಸಿಟ್ಟು ಬರುವುದು ಕಡಿಮೆ. ಅದೂ ಅಣ್ಣನಿಗೆ ಹಿಡಿಸುತ್ತಿರಲಿಲ್ಲ.

ಆವಿಗೆ ತುಂಬುತ್ತಿದ್ದ ಮುದುಕನ ಕಣ್ಣು ಮಂಜಾದ ವರ್ಷ ಕಟ್ಟೆ ಸೇರಿ, ತಿಗರಿ ಬಿಡುವವರು ಯಾರು ಎಂದು ಕೇಳಿತು. ಅಪ್ಪ ಚಿಕ್ಕವನ ಬೆನ್ನಿಗೆ ಮೊಣಕೈಯಿಂದ ತಿವಿದ.

“ನಾನು ಬಿಡ್ತೀನಿ,” ಎಂದು ಅವನು ಎದ್ದ.

“ನೀನು ತಿಗರಿ ಬಿಡೋದಲ್ಲಪ್ಪ, ತಿಗರಿಯೇ ನಿನ್ನ ಬಿಟ್ಟು ಬಹಳ ದಿನ ಆಯ್ತು,” ಎಂದ ಕಿವುಡಜ್ಜ. ಆಗ ಅವನಿನ್ನೂ ಅಜ್ಜನಾಗಿರಲಿಲ್ಲ, ಕಿವುಡನಾಗಿದ್ದ. ಕಟ್ಟೆಗೆ ಕಟ್ಟೆಯೇ ನಕ್ಕಿತು.

ಅಂದು ಅಣ್ಣನಷ್ಟು ಸಂತೋಷಪಟ್ಟವರಿಲ್ಲ. ತಿಗರಿ ಇಡಿಯಾಗಿ ಅವನ ಪಾಲಾಯಿತು. ತಮ್ಮನಿಗೆ ಬರಿಗೈ ಎಂದು ಹೆಸರಿಟ್ಟದ್ದೂ ಅವನೇ.

ಆದರೆ ಆ ಸಲದ ಆವಿಗೆ ತುಂಬುವ ದಿನ ಅವನೂ ಸಾಲಿನಲ್ಲಿ ನಿಂತ. ಬೆನ್ನು ತಿರುಗಿಸಿದ. ಉಗುರಿನಷ್ಟೂ ಊನವಿಲ್ಲದಂತೆ ತಿದ್ದಿ ತೀಡಿದ ಮಡಕೆಯನ್ನು ಭುಜದ ಮೇಲಿಂದ ಹಿಂದಕ್ಕೆ ಚಾಚಿದ. ಕಾಣದ ಎರಡು ಕೈ ಬಂದು ಅದನ್ನು ತೆಗೆದುಕೊಂಡವು. ಅಣ್ಣಾ ಎನ್ನಲಿಲ್ಲ. ಚೆನ್ನಾಗಿದೆ ಎನ್ನಲಿಲ್ಲ. ಮೂಗು ಸೋರಿಸಿಕೊಂಡು ತನ್ನ ಹಿಂದೆ ಓಡಾಡುತ್ತಿದ್ದ ತಮ್ಮನಿಗೆ ತಾನು ಬೆನ್ನು ಮಾಡಿ, ಕೈ ಹಿಂದಕ್ಕೊಡ್ಡಿ, ಬೇಡುವವನಂತೆ ನಿಂತಿದ್ದೇನೆ ಎಂದು ಅವನಿಗೆ ಅನಿಸಿತು. ಕತ್ತು ಬಿಸಿಯಾಯಿತು.

ಸಂತೆಗೆ ಹೋದರೆ ಅಲ್ಲೂ ಅದೇ. ಕೊಳ್ಳುವವರು ಅಣ್ಣನ ಮಡಕೆಯನ್ನು ಎತ್ತಿ, ತಟ್ಟಿ, ಕಿವಿಗೆ ಹಿಡಿದು ತಲೆದೂಗುತ್ತಿದ್ದರು.

“ಚೆನ್ನಾಗಿ ಸುಟ್ಟಿದ್ದಾರೆ,” ಎನ್ನುತ್ತಿದ್ದರು.

ಚೆನ್ನಾಗಿ ಮಾಡಿದ್ದಾರೆ ಎಂದು ಒಬ್ಬನಾದರೂ ಹೇಳಿದ್ದರೆ!

*

ಕಟ್ಟೆ ಅಂದು ಬರಿಗೈಯ ಅಂಗಳದಲ್ಲೇ ಸೇರಿತು. ಹೆಣಕ್ಕೆ ಒಗೆದ ಬಟ್ಟೆ ಹೊದಿಸಿ ಒಳಗೆ ಮಲಗಿಸಿದ್ದರು.

“ಮೋಡ ನೋಡಿದ್ರಾ?” ಎಂದ ಸೌದೆಯವನು. ಆವಿಗೆಯ ಕೆಳಬಾಯಿಗೆ ಸೌದೆ ಒಡ್ಡುವ ಕೆಲಸ ಅವನದು. “ಮೇಲೆ ಇನ್ನೂ ಮುಚ್ಚಿಲ್ಲ. ಒಂದು ಮಳೆ ಬಿದ್ರೆ ಮುನ್ನೂರ ತೊಂಬತ್ತು ಮಡಕೆ ವಾಪಸ್ ಕೆಸರು.”

“ಹೆಣ ಸಂಜೆವರೆಗೆ ಕಾಯುತ್ತೆ, ಆವಿಗೆ ಕಾಯಲ್ಲ,” ಎಂದ ಕಿವುಡಜ್ಜ. “ಅವನಿದ್ದಿದ್ರೂ ಇದನ್ನೇ ಹೇಳ್ತಿದ್ದ. ಹೇಳಿ, ಯಾರು ತಿಗರಿ ಬಿಡ್ತೀರಿ?”

ಎಲ್ಲರೂ ತಮ್ಮ ತಮ್ಮ ಕಾಲಬೆರಳು ನೋಡಿಕೊಂಡರು.

“ಇವಳನ್ನೇ ಕೇಳೋಣ,” ಎಂದಳು ಕೊನೆಮನೆಯವಳು, ಬರಿಗೈಯ ಹೆಂಡತಿಯ ಭುಜ ಹಿಡಿದು. “ಇವಳ ಮನೇಲಿ ಹೇಗೂ ತಿಗರಿ ಇಲ್ಲ.”

“ನಾನೂ ಬೆನ್ನು ತಿರುಗಿಸಿ ನಿಂತವಳೇ, ಅಕ್ಕಾ. ಒಳಗಿನ ಮಾತು ಅವರು ಮನೆಗೆ ತರಲಿಲ್ಲ.”

“ನಾನು ಬಿಡ್ತೀನಿ,” ಎಂದ ಅಣ್ಣ.

ಕಿವುಡಜ್ಜನಿಗೆ ಈ ಮಾತು ಒಂದೇ ಸಲಕ್ಕೆ ಕೇಳಿಸಿತು. ಆದರೂ ಕೈಯನ್ನು ಕಿವಿಗೆ ಹಿಡಿದ. “ಏನಂದೆ?”

“ತಿಗರಿ ಬಿಡ್ತೀನಿ ಅಂದೆ. ನನ್ನ ತಮ್ಮ ಮಾಡಿದ ಕೆಲಸ. ನಾನಲ್ಲದೆ ಇನ್ಯಾರು?”

“ನಿನ್ನ ಕೈಯಂಥ ಕೈ ಈ ಬೀದೀಲೇ ಇಲ್ಲವಲ್ಲೋ,” ಎಂದ ಅಜ್ಜ. “ಅದನ್ನ ಯಾಕೆ ಹಾಳು ಮಾಡ್ಕೊಳ್ತೀಯ?”

ಸುತ್ತ ಕೂತವರು ಹೌದು ಹೌದು ಎಂದರು. ಈ ಮಾತನ್ನು ಕಟ್ಟೆಯ ಬಾಯಿಂದ ಕೇಳಬೇಕೆಂದು ಅಣ್ಣ ಒಂದು ಆಯುಸ್ಸು ಕಾದಿದ್ದ. ಈಗ ಕೇಳಿದರೆ ಅದು ನಾಲಿಗೆಗೆ ಸಪ್ಪೆಯಾಗಿತ್ತು. ಹೊಟ್ಟೆ ತುಂಬಿದ ಮೇಲೆ ಬಡಿಸಿದ ಹಾಗೆ. ಇಲ್ಲ, ತುಂಬಿರಲಿಲ್ಲ. ಅವನಿಗೆ ಬೇಕಾಗಿದ್ದುದು ಬೇರೆಯದೇ ಊಟ.

ಅಣ್ಣನ ಹೆಂಡತಿ ಅವನ ತೋಳು ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದಳು.

“ಬುದ್ಧಿ ನೆಟ್ಟಗಿದೆಯಾ? ಮೈದುನನ ಹೆಣ ಇನ್ನೂ ಒಳಗಿದೆ, ನಿಮಗೆ ಅವನ ಜಾಗ ಬೇಕಾಯ್ತಾ?”

“ಬೀದಿಗೋಸ್ಕರ.”

“ಬೀದಿಗೋಸ್ಕರ! ಬೀದಿ ಮಣ್ಣು ತರೋಕೆ ಹೋದಾಗ ನಿಮ್ಮ ಬೆನ್ನು ನೋವು. ಯಾರಿಗೆ ಹೇಳ್ತೀರ ಇದನ್ನ?”

“ಅವನು ಎಷ್ಟು ವರ್ಷ ನಮ್ಮದನ್ನ ಗೋಡೆಗೆ ಒತ್ತಿದ ಅಂತ ನಿನಗೆ ಗೊತ್ತಾ?”

“ನಮ್ಮದೂ ಕೆಂಪಗೆ ಬರ್ತಿತ್ತು ರೀ, ಸರದಿ ಬಂದಾಗ. ನೀವು ಕೆಂಪಗೆ ಬಂದದ್ದನ್ನ ಎಣಿಸಲ್ಲ, ಕಪ್ಪಗೆ ಬಂದದ್ದನ್ನ ಮಾತ್ರ ಎಣಿಸ್ತೀರ.” ಅವಳು ದನಿ ತಗ್ಗಿಸಿದಳು. “ತಿಗರಿ ಕೊಟ್ಟು ಏನು ತಿಂತೀರ? ಮನೆಮನೆ ಕಾಳು?”

“ಅವನು ತಿನ್ನಲಿಲ್ವಾ?”

“ಅವನಿಗೆ ಅರಗ್ತಿತ್ತು,” ಎಂದಳು ಅವಳು. “ನಿಮಗೆ ಅರಗಲ್ಲ.”

ಅವನು ತೋಳು ಬಿಡಿಸಿಕೊಂಡ.

ತಿಗರಿಯನ್ನು ನಾಲ್ಕು ಜನ ಹೊತ್ತು ಹೊರಗೆ ತಂದರು. ಕೂತು ಕೂತು ನುಣುಪಾದ ಹಲಗೆ, ಅಂಚಿನಲ್ಲಿ ಕೋಲು ತೂರಿಸುವ ಗುಳಿ, ಅಪ್ಪನ ಕಾಲದ ಕೀಲು. ಕೊನೆಮನೆಯವಳ ತಿಗರಿ ಸೀಳುಬಿಟ್ಟು ಒಂದು ವರ್ಷವಾಗಿತ್ತು, ಹಗ್ಗ ಬಿಗಿದು ತಿರುಗಿಸುತ್ತಿದ್ದಳು. ಕಟ್ಟೆ ಅಣ್ಣನದನ್ನು ಅವಳಿಗೇ ಕೊಟ್ಟಿತು. ಅವಳು ಬೇಡ ಎನ್ನಲಿಲ್ಲ. ಕೆನ್ನೆ ಒರೆಸಿಕೊಳ್ಳುತ್ತಲೇ ಹಲಗೆಯ ಮೇಲೆ ಅಂಗೈಯಿಟ್ಟು ಒಂದು ಸುತ್ತು ತಿರುಗಿಸಿ ನೋಡಿದಳು. ಅದು ಸದ್ದಿಲ್ಲದೆ ತಿರುಗಿತು.

ತಿಗರಿ ಹೋದ ಕೋಣೆಯಲ್ಲಿ ಒಂದು ಗುಡಾಣ ಉಳಿಯಿತು. ಎರಡು ತೋಳು ಚಾಚಿ ಅಪ್ಪಿಕೊಳ್ಳುವಷ್ಟು ದೊಡ್ಡದು. ಈ ಸಲ ಮನೆಗೆ ಮೂವತ್ತು ಮಡಕೆ ಎಂದು ಕಟ್ಟೆ ಹೇಳಿದ್ದರಿಂದ ಅದಕ್ಕೆ ಆವಿಗೆಯಲ್ಲಿ ಜಾಗವಿರಲಿಲ್ಲ. ಯಾರೂ ಕೇಳದಿದ್ದರೂ ಮಾಡಿದ್ದ. ಚೆನ್ನಾಗಿ ಒಣಗಿ ಬಿಳಿಚಿಕೊಂಡಿತ್ತು. ಅವನ ತಿಗರಿಯಿಂದ ಇಳಿದ ಕೊನೆಯ ಮಣ್ಣು ಅದು.

*

ಗುಡಾಣದ ಸಂಗತಿ ಹಳೆಯದು.

ಮಳೆ ನಿಲ್ಲದ ಒಂದು ವರ್ಷ. ಹೊಳೆ ಉಕ್ಕಿ ಸೌದೆ ರಾಶಿ ತೇಲಿಹೋಯಿತು. ಮಣ್ಣಿನ ಗುಂಡಿ ಕೆರೆಯಾಯಿತು. ಉಳಿದ ಒಣ ಸೌದೆ ಒಂದು ಸುಡುವಿಕೆಗೆ ಸಾಕು, ಎರಡಕ್ಕಿಲ್ಲ. ಕಟ್ಟೆ ಇಡೀ ದಿನ ಕೂತು ಜಗಳಾಡಿ ಕೊನೆಗೆ ಒಂದು ಮಾತಿಗೆ ಬಂತು: ಮನೆಗೆ ಇಪ್ಪತ್ತು, ಬೇಗ ಮಾರಿಹೋಗುವ ಸಣ್ಣ ಮಡಕೆ. ದೊಡ್ಡದು ಯಾರದೂ ಬೇಡ. ಹದಿಮೂರು ಮನೆಯ ಒಲೆಯೂ ಉರಿಯಬೇಕು. ಬರಿಗೈಯ ಒಲೆ ಹೇಗೂ ಅವರ ಕಾಳಿನ ಮೇಲೆ.

ಅಣ್ಣ ಆ ವರ್ಷ ಬಟ್ಟೆಗೆ ಬಣ್ಣ ಹಾಕುವವನೊಬ್ಬನಿಗೆ ಒಂಬತ್ತು ಗುಡಾಣ ಮಾಡಿಟ್ಟಿದ್ದ. ಅಷ್ಟು ದೊಡ್ಡದನ್ನು, ಅಷ್ಟು ತೆಳುವಾಗಿ ಆ ಬೀದಿಯಲ್ಲಿ ಯಾರೂ ಎತ್ತಿರಲಿಲ್ಲ. ತಮ್ಮನ ಮನೆಗೆ ಹೋದ. ತಮ್ಮ ಸೋರುವ ಬಟ್ಟಲಿನ ಕೆಳಗೆ ಬೊಗಸೆ ಹಿಡಿದು ಅಂಬಲಿ ಕುಡಿಯುತ್ತಿದ್ದ.

“ಒಂಬತ್ತೂ ಬೇಡ, ಎರಡನ್ನ ಹಾಕು. ನನ್ನ ಇಪ್ಪತ್ತರ ಬದಲಿಗೆ.”

“ಆಗಲ್ಲಣ್ಣ.”

“ಯಾರು ನೋಡ್ತಾರೆ? ಎಲ್ಲರೂ ಬೆನ್ನು ತಿರುಗಿಸಿರ್ತಾರೆ.”

“ಅದಕ್ಕೇ ಆಗಲ್ಲ.”

“ನಾನು ನಿನ್ನ ಅಣ್ಣ ಕಣೋ!”

“ಹೌದು. ನಿನ್ನದನ್ನ ಜನ ಎರಡು ಸಲ ಎಣಿಸ್ತಾರೆ.” ತಮ್ಮ ಬಟ್ಟಲು ಕೆಳಗಿಟ್ಟ. “ಅಣ್ಣಾ, ಒಂದು ಮಾತು. ಆ ಗುಡಾಣಗಳನ್ನ ನಾನು ನೋಡಿದೆ. ನನ್ನ ಕೈಯಲ್ಲಿ ಅಂಥದ್ದು ಒಂದು ಬಂದಿದ್ರೆ ನಾನು ಈ ಕೆಲಸಕ್ಕೆ ಬರ್ತಾನೇ ಇರಲಿಲ್ಲ.”

ಅಣ್ಣನಿಗೆ ಅದು ಗಾಯದ ಮೇಲೆ ಉಪ್ಪು ಸವರಿದಂತೆ ಕೇಳಿಸಿತು. ಎದ್ದು ಬಂದ. ಗುಡಾಣಗಳು ಸೂರಿನ ಕೆಳಗೆ ಒಂದೊಂದಾಗಿ ಕುಸಿದು ಕೆಸರಾದವು. ಆ ವರ್ಷ ಬೀದಿಯಲ್ಲಿ ಯಾರೂ ಹಸಿದು ಮಲಗಲಿಲ್ಲ, ಅವನೂ ಸೇರಿ. ಜನ ಕಟ್ಟೆಯನ್ನು ಹೊಗಳಿದರು, ಅದಕ್ಕಿಂತ ಹೆಚ್ಚು ಬರಿಗೈಯನ್ನು. ಒಡಹುಟ್ಟಿದ ಅಣ್ಣನಿಗೂ ಒಂದು ಮಡಕೆ ಹೆಚ್ಚಿಗೆ ಇಡಲಿಲ್ಲವಂತೆ ಎಂದರು. ಆ ‘ಅಣ್ಣನಿಗೂ’ ಎಂಬ ಮಾತು ಊರು ಸುತ್ತಿ ಪ್ರತಿ ಸಲವೂ ಅವನ ಬಾಗಿಲಿಗೇ ಬಂದು ನಿಲ್ಲುತ್ತಿತ್ತು.

*

ಅಣ್ಣ ಏಣಿ ಹತ್ತಿ ಆವಿಗೆಯ ಮೇಲೆ ನಿಂತು ಒಳಗೆ ನೋಡಿದ. ಬದುಕಿನಲ್ಲೇ ಮೊದಲ ಸಲ.

ಆಳೆತ್ತರದ ದುಂಡನೆಯ ಮಣ್ಣುಗೋಡೆ. ಗೋಡೆಗುಂಟ ಸುತ್ತು ಸುತ್ತಾಗಿ ಮಡಕೆಯ ಮೇಲೆ ಮಡಕೆ, ಬೋರಲು, ಓರೆ, ಒಂದರ ಭುಜಕ್ಕೆ ಇನ್ನೊಂದರ ತಳ. ಒಂದೂ ಅಲುಗುವಂತಿರಲಿಲ್ಲ. ಅದನ್ನು ಕಂಡು ಅವನಿಗೆ ಮೊದಲು ಆದದ್ದು ಮೆಚ್ಚುಗೆ. ಆಮೇಲೆ, ಮೆಚ್ಚಿದೆನಲ್ಲ ಎಂಬ ಉರಿ.

ತನ್ನ ಮಡಕೆ ಹುಡುಕಿದ. ಪ್ರತಿ ಮನೆಗೂ ಕಂಠದ ಕೆಳಗೆ ಒಂದು ಗುರುತು. ಅವನದು ಜೋಡಿ ಉಗುರು. ಸಿಕ್ಕವು, ಗೋಡೆಯ ಪಕ್ಕದಲ್ಲಿ, ಮೂವತ್ತೂ. ಅಂದರೆ ಸಾಯುವ ದಿನವೂ ಬಿಡಲಿಲ್ಲ. ನಡುವಿನ ಸುತ್ತಿನಲ್ಲಿದ್ದದ್ದು ಮೂರು ಚುಕ್ಕೆಯ ಗುರುತು. ಕೊನೆಮನೆಯವಳದು.

ಆ ಸುತ್ತಿನ ಒಳಗೆ, ಆವಿಗೆಯ ನಟ್ಟನಡುವಿನಲ್ಲಿ, ಮೇಲಿಂದ ತಳದವರೆಗೆ ಬಾವಿಯಂತೆ ಜಾಗ ಖಾಲಿ ಬಿಟ್ಟಿತ್ತು.

ಅವನು ಬಗ್ಗಿ ನೋಡಿದ. ತುಂಬಿ ಮುಗೀತು ಎಂದು ಹೆಂಡತಿಗೆ ಹೇಳಿ ಸತ್ತವನು ಎಲ್ಲಕ್ಕಿಂತ ಒಳ್ಳೆಯ ಜಾಗವನ್ನೇ ಯಾಕೆ ಖಾಲಿ ಬಿಟ್ಟ? ಯಾರಿಗಾಗಿಯೋ ಕಾದಿರಿಸಿದ್ದ. ಯಾರಿಗೆ? ಸುತ್ತ ಯಾರ ಮಡಕೆಯಿದೆಯೋ ಅವರಿಗೇ ಇರಬೇಕು. ಇವತ್ತು ಬೆಳಿಗ್ಗೆ, ಬೆಂಕಿ ಹಾಕುವ ಮೊದಲು, ಒಂದು ದೊಡ್ಡ ಮಾಲು ಗುಟ್ಟಾಗಿ ಒಳಗೆ ಹೋಗುವುದಿತ್ತು. ಇಷ್ಟು ವರ್ಷ ನ್ಯಾಯ ನ್ಯಾಯ ಎಂದು ಊರೆಲ್ಲ ಹಾಡಿ ಹೊಗಳಿದ್ದರ ತಳ ಇಷ್ಟೇ! ಅಣ್ಣನಿಗೆ ಹಗುರವಾಯಿತು. ತಮ್ಮ ಕೊನೆಗೂ ತನ್ನ ಎತ್ತರಕ್ಕೆ ಇಳಿದು ಬಂದಂತೆ ಕಂಡಿತು.

ಬಾವಿಯಿಂದ ತಣ್ಣನೆಯ ಗಾಳಿ, ಒಣಸೌದೆಯ ವಾಸನೆ ಹೊತ್ತು, ಮೇಲಕ್ಕೆ ಬಂದು ಅವನ ಗಲ್ಲಕ್ಕೆ ತಾಗಿತು. ಅವನು ಗಲ್ಲ ಒರೆಸಿಕೊಂಡ. ಕೆಳಗಿಳಿದು ಮನೆಗೆ ಹೋದ.

ಗುಡಾಣವನ್ನು ಅಪ್ಪಿಕೊಂಡು ಹೊರಗೆ ಬರುವಾಗ ಹೆಂಡತಿ ಬಾಗಿಲಲ್ಲಿ ಸಿಕ್ಕಳು.

“ಇದನ್ನೆಲ್ಲಿಗೆ?”

“ಬೆನ್ನು ತಿರುಗಿಸು.”

“ಏನು?”

“ಇವತ್ತಿನಿಂದ ನಾನು ಆವಿಗೆಯವನು. ಬೆನ್ನು ತಿರುಗಿಸು ಅಂದೆ.”

ಅವಳು ಅವನ ಮುಖವನ್ನು ದಿಟ್ಟಿಸಿದಳು. ಆಮೇಲೆ ಗೋಡೆಯ ಕಡೆ ತಿರುಗಿ ನಿಂತಳು. ಅವನು ಬೀದಿ ದಾಟಿದ. ಆವಿಗೆಯ ಸುತ್ತ ಇದ್ದವರು ಅವನ ಕಾಲ ಸಪ್ಪಳ ಕೇಳಿದೊಡನೆ ತಾವಾಗಿಯೇ ಬೆನ್ನು ತಿರುಗಿಸಿದರು, ಸೌದೆಯವನು ಕೂಡ. ಕಿವುಡಜ್ಜನೂ. ಅಷ್ಟು ಬೆನ್ನುಗಳನ್ನು ಒಂದೊಂದಾಗಿ ನೋಡುತ್ತ ಅಣ್ಣ ಏಣಿ ಹತ್ತಿದ.

ಕಂಠಕ್ಕೆ ಹಗ್ಗ ಬಿಗಿದು ಗುಡಾಣವನ್ನು ನಿಧಾನವಾಗಿ ಇಳಿಬಿಟ್ಟ. ಅಳತೆ ತೆಗೆದು ಬಿಟ್ಟಂತೆ ಅದು ನಡುವಿನಲ್ಲಿ ಹೋಗಿ ಕೂತಿತು. ಹಗ್ಗ ಬಿಚ್ಚಿ, ಮೇಲೆ ಓಡು ಹರಡಿ, ಮಣ್ಣು ಮೆತ್ತಿಸಿ, ಬೆಂಕಿ ಹಾಕು ಎಂದ.

*

ಹೆಣ ಎತ್ತಿದಾಗ ಅಣ್ಣ ಮುಂದೆ ಹೆಗಲು ಕೊಟ್ಟ.

“ನೀನು ಬರಬೇಡ,” ಎಂದ ಕಿವುಡಜ್ಜ. “ಆವಿಗೆ ಉರಿಯುವಾಗ ಆವಿಗೆಯವನು ಬಿಟ್ಟು ಹೋಗಲ್ಲ. ನಿಮ್ಮಪ್ಪ ಸತ್ತಾಗ ಇವನು ಬಂದಿದ್ನಾ? ಅಲ್ಲೇ ಬೆಂಕಿ ಮುಂದೆ ನಿಂತು ಅತ್ತ.”

ಗೊತ್ತಿತ್ತು. ಅಪ್ಪನನ್ನು ಅಂದು ಹೊತ್ತವನು ಅಣ್ಣ, ಹೊಗಳಿಸಿಕೊಂಡವನು ತಮ್ಮ.

“ಅವನು ಬರಲಿಲ್ಲ, ನಾನು ಬರ್ತೀನಿ,” ಎಂದ. “ಸೌದೆಯವನು ನೋಡ್ಕೊಳ್ತಾನೆ.”

ಹೂಳುವ ಜಾಗ ಬೀದಿಯ ಆಚೆ, ದಿಬ್ಬದ ಮೇಲೆ. ಅಲ್ಲಿಂದ ಆವಿಗೆ ಕಾಣುತ್ತಿತ್ತು. ಹೆಣವನ್ನು ಇಳಿಸಿ ಮೊದಲ ಹಿಡಿ ಮಣ್ಣು ಹಾಕುವಾಗ ಜನ ಮಾತಾಡುತ್ತಿದ್ದರು, ಬರಿಗೈ ಹೀಗಿದ್ದ, ಹಾಗಿದ್ದ, ಬಿಸಿ ಊಟ ಕಂಡವನಲ್ಲ, ಒಬ್ಬರ ಮಾತು ಇನ್ನೊಬ್ಬರಿಗೆ ಹೇಳಿದವನಲ್ಲ. ಅಣ್ಣ ಕಿವಿಗೊಟ್ಟು ನಿಂತಿದ್ದ. ತಾನು ಸತ್ತಾಗ ಇದನ್ನೇ ಹೇಳುತ್ತಾರೆ ಎಂದು ಲೆಕ್ಕ ಹಾಕುತ್ತಿದ್ದ. ಒಂದೆರಡು ಹೆಚ್ಚೇ ಹೇಳಬಹುದು. ತಿಗರಿ ಬಿಟ್ಟಾಗ ಬರಿಗೈ ಕಳೆದುಕೊಂಡದ್ದೇನು? ವಾಲುವ ಮಡಕೆ. ಅಣ್ಣ ಬಿಟ್ಟದ್ದು?

“ಹೊಗೆ ನೋಡಿ,” ಎಂದಳು ಕೊನೆಮನೆಯವಳು.

ಹೊಗೆ ಮೇಲಿನಿಂದ ಏಳುತ್ತಿರಲಿಲ್ಲ. ಕೆಳಬಾಯಿಯಿಂದ ಕಪ್ಪಗೆ ಹೊರಳಿ ನೆಲದ ಮೇಲೆ ಹರಡಿ ಬೀದಿಯೊಳಗೆ ನುಗ್ಗುತ್ತಿತ್ತು. ಸೌದೆಯವನು ಕೆಮ್ಮುತ್ತ ದಿಬ್ಬ ಹತ್ತಿ ಬಂದ.

“ಉರಿ ಮೇಲಕ್ಕೆ ಹತ್ತುತ್ತಿಲ್ಲ ಅಣ್ಣಾ. ಹಿಂದಕ್ಕೇ ಬರ್ತಿದೆ. ಇವತ್ತಿನವರೆಗೆ ಹೀಗೆ ಆಗಿರಲಿಲ್ಲ.”

ಎಲ್ಲರೂ ಅಣ್ಣನ ಕಡೆ ನೋಡಿದರು. ಅವನ ಮಾತಿಗೆ ಕಾದರು. ಈ ಕಾಯುವಿಕೆಯನ್ನು ಅವನು ಎಷ್ಟು ಸಲ ತಮ್ಮನ ಸುತ್ತ ಕಂಡಿದ್ದ!

ನಡುವಿನಿಂದ ಗುಡಾಣ ತೆಗೆಯಿರಿ ಎಂದರೆ ಆಗುತ್ತಿತ್ತು. ಬೆಂಕಿ ಇನ್ನೂ ಎಳೆಯದಿತ್ತು, ಮೇಲಿನ ಮಣ್ಣು ಹಸಿಯಿತ್ತು. ಗಲ್ಲಕ್ಕೆ ತಾಗಿದ ಆ ಗಾಳಿ ಅವನಿಗೆ ಈಗ ಅರ್ಥವಾಯಿತು. ಮಾತು ನಾಲಿಗೆಯ ತುದಿಗೂ ಬಂತು. ಆದರೆ ತಮ್ಮನ ಗುಂಡಿಯ ಅಂಚಿನಲ್ಲಿ, ಹದಿಮೂರು ಮನೆಯವರ ಮುಂದೆ, ಆ ಮಾತು ಆಡುವುದೆಂದರೆ ತಾನೂ ಆ ಗುಂಡಿಗೆ ಇಳಿದಂತೆ.

“ಸೌದೆ ಸಾಲದು,” ಎಂದ. “ಇನ್ನೂ ಹಾಕು. ಉರಿ ಜೋರು ಮಾಡು.”

ಸೌದೆಯವನು ಓಡಿದ. ಮಣ್ಣು ಮುಚ್ಚಿ ಮುಗಿಯುವಷ್ಟರಲ್ಲಿ ಮೊದಲನೆಯದು ಕೇಳಿಸಿತು. ದಪ್ಪ ಕಂಬಳಿಯೊಳಗೆ ಗುದ್ದಿದಂಥ ಸದ್ದು. ಮತ್ತೊಂದು. ಆಮೇಲೆ ಎರಡು ಒಟ್ಟಿಗೆ. ಆಮೇಲೆ ಎಣಿಸಲಾಗದಂತೆ.

“ಏನದು?” ಎಂದ ಕಿವುಡಜ್ಜ. “ನನಗೂ ಕೇಳಿಸ್ತಿದೆಯಲ್ಲೋ.”

*

ಆವಿಗೆ ತಣ್ಣಗಾದ ಮೇಲೆ ಕಟ್ಟೆಯವರೆಲ್ಲ ನಿಂತು ತೆರೆಸಿದರು. ಯಾರಿಗೂ ಬೆನ್ನು ತಿರುಗಿಸು ಎಂದು ಯಾರೂ ಹೇಳಲಿಲ್ಲ.

ಕೆಳಗಿನ ಸುತ್ತುಗಳು ಹುಚ್ಚು ಉರಿಗೆ ಸಿಡಿದು, ಅವುಗಳ ಮೇಲಿನದು ಕುಸಿದು, ಗೋಡೆಯ ಪಕ್ಕದ ಮೇಲ್ಸಾಲು ಬೆಂಕಿ ಕಾಣದೆ ಹಸಿಯಾಗೇ ಉಳಿದಿತ್ತು. ಓಡಿನ ರಾಶಿಯ ನಡುವೆ ಗುಡಾಣ ನೆಟ್ಟಗೆ ನಿಂತಿತ್ತು. ಒಂದು ಮಗ್ಗುಲು ಕೆಂಪು, ಒಂದು ಮಗ್ಗುಲು ಕಪ್ಪು. ಎಲ್ಲೂ ಬಿರುಕಿಲ್ಲ. ಕಂಠದ ಕೆಳಗೆ ಜೋಡಿ ಉಗುರು.

“ಉರಿ ಹತ್ತೋ ದಾರಿಗೇ ಕೂರಿಸಿದೀಯಲ್ಲೋ,” ಎಂದ ಸೌದೆಯವನು. ದನಿಯಲ್ಲಿ ಸಿಟ್ಟಿರಲಿಲ್ಲ, ಅಷ್ಟು ಬೆರಗಾಗಿದ್ದ.

ಕೊನೆಮನೆಯವಳು ಒಳಗೆ ಕೈ ಚಾಚಿ ಗುಡಾಣವನ್ನು ಬೆರಳಿನಿಂದ ತಟ್ಟಿದಳು. ಅದು ನುಡಿಯಿತು. ಅಣ್ಣನ ಹೆಂಡತಿ ಮನೆಯ ಕಡೆ ನಡೆದಳು.

ಕಿವುಡಜ್ಜ ಕಟ್ಟೆಯ ಮೇಲೆ ಕೂತ. ಓಡುಗಳನ್ನು ಬುಟ್ಟಿಗೆ ತುಂಬಿ ತಂದು ಅವನ ಮುಂದೆ ಸುರಿದರು. ಅವನು ಕಂಠದ ಚೂರುಗಳನ್ನು ಆರಿಸಿ, ಗುರುತು ನೋಡಿ, ಮನೆಮನೆಯ ಹೆಸರು ಹಿಡಿದು ಕೂಗುತ್ತ ಬಂದ. ಅಣ್ಣನ ಸರದಿ ಬಂದಾಗಲೂ ಅದೇ ದನಿಯಲ್ಲಿ ಕೂಗಿದ. ಕತ್ತಲಾಗುವ ಮುಂಚೆ ಮುಗಿಯಿತು.

ಗುಡಾಣ ಬಿಟ್ಟು ಒಳಗೆ ಹೋದದ್ದು ಮುನ್ನೂರ ತೊಂಬತ್ತು. ನೆಟ್ಟಗೆ ಬಂದದ್ದು ಎರಡು. ಬೇಯದೆ ಉಳಿದದ್ದು ತೊಂಬತ್ತೇಳು. ಒಡೆದದ್ದು, ಆವಿಗೆಯವನ ಪಾಲಿಗೆ, ಇನ್ನೂರ ತೊಂಬತ್ತೊಂದು.